ಹತ್ತು ಗಾಲಿಗಳ ಮುಂದೆ ಒಬ್ಬ ಪದವೀಧರೆ

ಈ ಬರಹದಲ್ಲಿ ಲೋಪದೋಷಗಳಿದ್ದರೆ ಓದುಗರು ದಯವಿಟ್ಟು ಕ್ಷಮಿಸಬೇಕು. ಕ್ಷಮೆಯನ್ನು ಮುಂಗಡವಾಗಿ ಕೇಳಿಟ್ಟುಕೊಳ್ಳುವುದು ನನ್ನ ಅಭ್ಯಾಸ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ವ್ಯಕ್ತಿ ನಾನು. ಮೊದಲಿಗರ ತಪ್ಪನ್ನು ತಿದ್ದುವವರು ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ ಒಂದು ವಾಕ್ಯ ಬರೆದರೆ ಮೂರು ಬಾರಿ ಓದುತ್ತೇನೆ. ಮೂರನೆಯ ಬಾರಿ ಅದು ತಪ್ಪೆಂದೇ ತೋರುತ್ತದೆ. ಆದರೆ ನನ್ನ ಮನೆಯವರಿಗೆ ನನ್ನ ಬಗ್ಗೆ ಇಂಥ ಯಾವ ಸಂಶಯವೂ ಇಲ್ಲ, ತೊಂದರೆಯ ಮೂಲವೇ ಅದು. ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಚಾಳಿನ ಒಂದೇ ಕೋಣೆಯ ಮನೆಗೆ ಬರುವ ಪ್ರತಿಯೊಂದು ಕಾಗದವೂ, ರೇಷನ್ ಕಾರ್ಡಿನ ನಮೂನೆಯಿಂದ ಹಿಡಿದು ಪಕ್ಕದವರ ಮದುವೆಯ ಕರೆಯೋಲೆಯವರೆಗೆ, ಮೊದಲು ನನ್ನ ಕೈಗೆ ಬರುತ್ತದೆ. ನಾನು ಓದಿ ಹೇಳಿದ್ದನ್ನು ಅಪ್ಪ, ಅವ್ವ ಇಬ್ಬರೂ ಎದುರು ಮಾತಿಲ್ಲದೆ ಪಾಲಿಸುತ್ತಾರೆ. ಒಮ್ಮೆ ಕೆಮ್ಮಿನ ಔಷಧದ ಶೀಶೆಯನ್ನು ಕುಡಿಯುವ ಮುನ್ನ ಚೆನ್ನಾಗಿ ಕುಲುಕಬೇಕೆಂದು ಓದಿ ಹೇಳಿದ್ದೆ. ಅವ್ವ ಇಂದಿಗೂ ಮಾತ್ರೆಯ ಡಬ್ಬಿಯನ್ನೂ ಕುಲುಕುತ್ತಾಳೆ.

ಅಪ್ಪ ಲಾರಿ ಚಾಲಕರು. ಈ ಪುಟ್ಟ ವಾಕ್ಯವನ್ನು ಹೀಗೆ ನೇರವಾಗಿ ಬರೆಯಲು ನನಗೆ ಹಲವು ವರ್ಷಗಳು ಬೇಕಾದವು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಸಾರಿಗೆ ವಿಭಾಗ’ ಎಂದು ತುಂಬಿದ್ದೆ. ಗುಮಾಸ್ತರು, “ಆರ್‌ಟಿಓ ಸಾಬ್ ಹೈ ಕ್ಯಾ?” ಎನ್ನುತ್ತ ಅರ್ಧ ಎದ್ದು ನಿಂತರು. ಅಲ್ಲವೆನ್ನಲು ನನಗೆ ಧೈರ್ಯ ಸಾಲಲಿಲ್ಲ. ಇಂಡಿ ತಾಲೂಕಿನ ಕಡೆಯಿಂದ ಬಂದು ಇಪ್ಪತ್ತಾರು ವರ್ಷಗಳಿಂದ ಮುಂಬಯಿಯಲ್ಲಿ ಹತ್ತು ಗಾಲಿಯ ಲಾರಿ ಓಡಿಸುತ್ತಿರುವ, ಒಂದು ಸಲವೂ ಯಾರಿಗೂ ತಾಗಿಸದ ಮನುಷ್ಯ ಒಂದು ಸಂಜೆ ಮಡಿಚಿದ ಕಾಗದವೊಂದನ್ನು ನನ್ನ ಮುಂದಿಟ್ಟು, “ನೋಡವಾ, ಏನ್ ಬರದಾರ” ಎಂದರು. ಅವರ ಕಂಪನಿಯ ಆದೇಶ ಅದು. ಭಾರಿ ವಾಹನದ ಚಾಲಕರೆಲ್ಲರೂ ಮುಲುಂಡಿನ ಯಾರ್ಡಿನಲ್ಲಿ ಸುರಕ್ಷತೆಯ ಪರೀಕ್ಷೆ ಕೊಡಬೇಕು; ಮೊದಲು ಬಾಯಿಪ್ರಶ್ನೆ, ಆಮೇಲೆ ಗಾಡಿ. ಎರಡು ಅವಕಾಶಗಳಲ್ಲಿ ತೇರ್ಗಡೆಯಾಗದವರನ್ನು ಸ್ಟೇರಿಂಗಿನಿಂದ ಇಳಿಸಿ ಭಿವಂಡಿಯ ಗೋದಾಮಿನ ಗೇಟು ಕಾಯಲು ಹಾಕಲಾಗುವುದು.

“ಮಂದಿ ಗಾಡಿ ಒಳಗ ಹೋಗೂದು, ಹೊರಗ ಬರೂದು, ನಾ ಕುಂತ ನೋಡೂದೇನ?” ಎಂದು ಅಪ್ಪ ಕೇಳಿದರು. ಅವರ ದನಿಯಲ್ಲಿ ಅಂಥ ಭಯವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆ ಕ್ಷಣವೇ ನಾನು ಅವರ ಗುರುವಾದೆ. ನಾನು ಜೀವಮಾನದಲ್ಲಿ ಸೈಕಲ್ಲನ್ನೂ ತುಳಿದವಳಲ್ಲವೆಂಬುದು ನಮ್ಮಲ್ಲಿ ಯಾರಿಗೂ ಅಡ್ಡಿಯೆನಿಸಲಿಲ್ಲ.

ಕಂಪನಿಯವರು ಕೊಟ್ಟ ಹಿಂದಿ ಪುಸ್ತಿಕೆಯನ್ನು ನಾನು ಸಯನ್ನಿನ ಕಾಲೇಜು ಗ್ರಂಥಾಲಯದಲ್ಲಿ, ಅಂದರೆ ನನ್ನ ಕೆಲಸದ ಮೇಜಿನಲ್ಲಿ, ಊಟದ ಬಿಡುವಿನಲ್ಲಿ ಕುಳಿತು ಶುದ್ಧ ಕನ್ನಡಕ್ಕೆ ಇಳಿಸಿದೆ. ಹದಿನಾಲ್ಕು ಪುಟಗಳಾದವು. ಪ್ರತಿದಿನ ಸಂಜೆ ಪಾಠ. ಅಪ್ಪ ಚಾಪೆಯ ಮೇಲೆ ಕೈಕಟ್ಟಿ ಕೂರುವರು, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಳು.

“ಮುಂದಿನ ವಾಹನದಿಂದ ಎಷ್ಟು ಅಂತರವನ್ನು ಕಾಯ್ದುಕೊಳ್ಳತಕ್ಕದ್ದು?” ಎಂದು ನಾನು ಕೇಳಿದೆ.

“ಅವ ಗಕ್ಕನ ನಿಂತ್ರ ನಾ ಅವನ ಮನಿ ಹೊಕ್ಕಬಾರದು. ಅಷ್ಟು.”

“ಅಪ್ಪಾ, ಹಂಗ ಹೇಳಿದ್ರ ಮಾರ್ಕ್ಸ್ ಕೊಡಂಗಿಲ್ಲ. ಸೆಕೆಂಡಿನ್ಯಾಗ ಹೇಳಬೇಕು.”

“ಮಳಿಯಾಗ ಬ್ಯಾರೆ, ಒಣ ರೋಡಿನ್ಯಾಗ ಬ್ಯಾರೆ. ಲೋಡ್ ಇದ್ದಾಗ ಬ್ಯಾರೆ, ಖಾಲಿ ಇದ್ದಾಗ ಬ್ಯಾರೆ. ಯಾವುದರ ಸೆಕೆಂಡ್ ಹೇಳ್ಲಿ?”

ನನಗೆ ಸಿಟ್ಟು ಬಂತು. ಪುಸ್ತಿಕೆಯಲ್ಲಿ ಒಂದೇ ಅಂಕಿಯಿತ್ತು. ಅಪ್ಪನ ಬಳಿ ನಾಲ್ಕಿದ್ದವು. ಘಾಟಿಯ ಇಳಿಜಾರಿನ ಪ್ರಶ್ನೆಗೂ ಹೀಗೆಯೇ ಆಯಿತು. ನಾನು ಸಿದ್ಧಪಡಿಸಿದ್ದ ಉತ್ತರ: ‘ಎಂಜಿನ್ನಿನ ಪ್ರತಿರೋಧವನ್ನು ಉಪಯೋಗಿಸಿ ವೇಗವನ್ನು ನಿಯಂತ್ರಿಸತಕ್ಕದ್ದು, ಬ್ರೇಕನ್ನು ನಿರಂತರವಾಗಿ ಒತ್ತತಕ್ಕದ್ದಲ್ಲ.’ ಅಪ್ಪ ಹೇಳಿದ್ದು: “ಯಾವ ಗೇರಿನ್ಯಾಗ ಹತ್ತತೀವೋ ಅದ ಗೇರಿನ್ಯಾಗ ಇಳೀಬೇಕು. ಬ್ರೇಕ್ ತುಳಕೋತ ಹೋದ್ರ ಸುಟ್ಟ ವಾಸನಿ ಬರತೈತಿ, ಆಮ್ಯಾಲ ದೇವರ ಗತಿ.” ನಾನು ಆ ಉತ್ತರಕ್ಕೆ ಸೊನ್ನೆ ಹಾಕಿದೆ. ಮೂರನೆಯ ದಿನದ ಹೊತ್ತಿಗೆ ಅವ್ವ ರೊಟ್ಟಿ ಬಡಿಯುತ್ತಲೇ ಹದಿನಾಲ್ಕು ಪುಟಗಳನ್ನೂ ತಕ್ಕದ್ದು, ತಕ್ಕದ್ದಲ್ಲಗಳ ಸಮೇತ ಒಪ್ಪಿಸತೊಡಗಿದಳು. ಪರೀಕ್ಷೆ ಅವಳದಾಗಿದ್ದರೆ ಅಂದೇ ಲಾರಿ ಅವಳ ಕೈಗೆ ಬರುತ್ತಿತ್ತು.

ಪರೀಕ್ಷೆಯ ದಿನ ರಜೆ ಹಾಕಿ ನಾನೂ ಹೊರಟೆ. ಲೋಕಲ್ ರೈಲಿನ ಗದ್ದಲದಲ್ಲಿ ನಿಂತೇ ಕೊನೆಯ ಸೂಚನೆಗಳನ್ನು ಕೊಟ್ಟೆ. ಅವುಗಳಲ್ಲಿ ಒಂದನ್ನು ಇಲ್ಲಿ ಮರೆಮಾಚದೆ ಹೇಳಬೇಕು. ಅಪ್ಪ ಪ್ರತಿದಿನ ಗಾಡಿ ಹತ್ತುವ ಮುನ್ನ ಕಬ್ಬಿಣದ ಸಲಾಕೆಯೊಂದನ್ನು ಹಿಡಿದು ಲಾರಿಯನ್ನು ಸುತ್ತುತ್ತಾರೆ. ಹತ್ತೂ ಗಾಲಿಗಳಿಗೆ ಒಂದೊಂದು ಪೆಟ್ಟು ಹಾಕುತ್ತಾರೆ, ತಲೆ ಓರೆ ಮಾಡಿ ನಿಲ್ಲುತ್ತಾರೆ, ಕೊನೆಗೆ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಚಿಕ್ಕಂದಿನಿಂದ ನೋಡಿದ ನಾನು ಇದೆಲ್ಲವೂ ಒಂದೇ ಪೂಜೆಯೆಂದು ತಿಳಿದಿದ್ದೆ. ಪ್ರದಕ್ಷಿಣೆ, ಗಂಟೆ, ನಮಸ್ಕಾರ.

“ಅಪ್ಪಾ, ಅಲ್ಲೆ ಸಾಹೇಬರು ಇರ್ತಾರ. ಆ ಸಲಾಕಿ ಪೂಜಾ ಎಲ್ಲ ಇವತ್ತ ಬ್ಯಾಡ.”

“ಅದು ಪೂಜಾ ಅಲ್ಲವ್ವ, ಒಳಗಿನ ಗಾಲಿ...”

“ಹಳ್ಳಿ ಮಂದಿ ಅಂತಾರ. ಕಣ್ಣಿಲೆ ನೋಡು, ನಾ ಬರದ ಕೊಟ್ಟ ಕಾಗದದ ಮ್ಯಾಲ ಟಿಕ್ ಹಾಕು. ಅದಕ್ಕ ತಪಾಸಣೆ ಅಂತಾರ.”

ಡಿಗ್ರಿ ಆದ ಮಗಳು ಹೇಳಿದ ಮೇಲೆ ಮುಗಿಯಿತು.

ಪರೀಕ್ಷಕರು ಉಡುಪಿ ಕಡೆಯ ಶೆಟ್ಟರು. ಮುಂಬಯಿಯಲ್ಲಿ ಶೆಟ್ಟರೆಂದೊಡನೆ ನಾವು ಇಡ್ಲಿಯ ಪರಿಮಳವನ್ನು ನಿರೀಕ್ಷಿಸುತ್ತೇವೆ. ಇವರಿಂದ ಡೀಸೆಲ್ಲಿನ ವಾಸನೆ ಬರುತ್ತಿತ್ತು. ಕನ್ನಡದವರೆಂದು ತಿಳಿದು ನನ್ನ ಎದೆ ಹಗುರಾಯಿತು. ಬಾಯಿಪ್ರಶ್ನೆಗೆ ಅಪ್ಪ ನನ್ನ ಉತ್ತರಗಳನ್ನು ಕಣ್ಣು ಮುಚ್ಚಿ ಒಪ್ಪಿಸಿದರು. ಶೆಟ್ಟರು, “ಎಂತ ಮಾರಾಯ್ರೆ, ನೀವು ಡ್ರೈವರಾ, ಪುರೋಹಿತರಾ?” ಎಂದರೂ ಅಂಕಗಳನ್ನು ಕೊಟ್ಟರು. ನಾನು ಬೀಗಿದೆ. ಅನಂತರ ಗಾಡಿಯ ಸರದಿ. ಅಪ್ಪ ನನ್ನ ಕಾಗದವನ್ನು ಹಿಡಿದು, ಬೀಗರ ಮನೆಯನ್ನು ನೋಡಲು ಬಂದವರ ಹಾಗೆ ಲಾರಿಯ ಸುತ್ತ ಒಂದು ಸುತ್ತು ಬಂದು, ಹತ್ತು ಟಿಕ್ ಹಾಕಿ, ಬಾಗಿಲಿಗೆ ಕೈ ಹಾಕಿದರು.

“ನಿಲ್ಲಿ. ಗಾಲಿ ನೋಡಿದ್ರಾ?”

“ನೋಡೀನ್ರಿ ಸಾಹೇಬ್ರ.”

“ಕಣ್ಣಲ್ಲಿ ಮಾತ್ರವಾ?”

ಅಪ್ಪ ಟಿಕ್ ಹಾಕಿದ ಕಾಗದವನ್ನು ಮುಂದೆ ಚಾಚಿದರು. ಶೆಟ್ಟರು ಕ್ಯಾಬಿನ್ನಿನಿಂದ ಸಲಾಕೆ ತೆಗೆದು ಹಿಂದಿನ ಜೋಡಿ ಗಾಲಿಗಳಲ್ಲಿ ಹೊರಗಿನದಕ್ಕೆ ಹೊಡೆದರು. ಟಣ್ ಎಂದಿತು. ಒಳಗಿನದಕ್ಕೆ ಹೊಡೆದರು. ಬದ್ ಎಂದಿತು. ಪರೀಕ್ಷೆಗೆಂದು ಅವರೇ ಗಾಳಿ ತೆಗೆದಿದ್ದರಂತೆ. ಹೊರಗಿನ ಗಾಲಿ ಭಾರ ಹೊತ್ತು ನಿಂತಿರುವಾಗ ಒಳಗಿನ ಗಾಲಿಯಲ್ಲಿ ಗಾಳಿಯಿಲ್ಲದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ. “ಇದು ಹೈವೇಯಲ್ಲಿ ಸಿಡಿದ್ರೆ ಬೆಂಕಿಯೇ ಹತ್ತುದು, ಗೊತ್ತುಂಟಾ? ಇಪ್ಪತ್ತಾರು ವರ್ಷ ಹೀಗೇ ಓಡಿಸಿದ್ದಾ?” ಎಂದು ಶೆಟ್ಟರು ಕೇಳಿದರು.

ಅಪ್ಪ ನೆಲ ನೋಡಿದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಅತ್ಯಂತ ಶುದ್ಧವಾದ ವಾಕ್ಯವೊಂದನ್ನು ಜೋಡಿಸಲು ಹೋಗಿ, ಅದು ಕೂಡದೆ, “ಸರ್, ತಪ್ಪು ನನ್ನದು. ಅಪ್ಪ ದಿನಾ ಬಾರಿಸ್ತಾರ. ಬ್ಯಾಡ ಅಂದಾಕಿ ನಾನು” ಎಂದುಬಿಟ್ಟೆ. ಶೆಟ್ಟರ ಮನಸ್ಸು ಕರಗೀತೆಂದು ನಂಬಿದ್ದೆ.

“ಹಾಗಾದ್ರೆ ಎರಡು ಕಾರಣಕ್ಕೆ ಫೇಲು” ಎಂದರು ಅವರು. “ಮಗಳು ಹೇಳಿದಳು ಅಂತ ಇವತ್ತು ಬಿಟ್ರಿ. ನಾಳೆ ಸೇಠ್ ಬೇಗ ಹೊರಡು ಅಂತಾನೆ, ಆಗ್ಲೂ ಬಿಡ್ತೀರಿ. ಯಾರು ಹೇಳಿದ್ರೂ ಬಿಡ್ಲಿಕ್ಕಿಲ್ಲ. ಇನ್ನೊಂದೇ ಚಾನ್ಸ್ ಉಂಟು, ಬರುವ ಶನಿವಾರ ಬನ್ನಿ.”

ಆ ಒಂದು ವಾರ ಅಪ್ಪನಿಗೆ ಗಾಡಿ ಕೊಡಲಿಲ್ಲ. ಹತ್ತಡಿಯ ಕೋಣೆಯಲ್ಲಿ ಕೆಲಸವಿಲ್ಲದ ಲಾರಿ ಚಾಲಕರೊಬ್ಬರು ಎಷ್ಟು ಜಾಗ ಹಿಡಿಯುತ್ತಾರೆಂಬುದು ಅನುಭವಿಸಿದವರಿಗೇ ಗೊತ್ತು. ಅವರು ಸಿಲಿಂಡರನ್ನು ತಟ್ಟಿ ನೋಡಿದರು, ನೀರಿನ ಡ್ರಮ್ಮನ್ನು ತಟ್ಟಿ ನೋಡಿದರು. ನನ್ನನ್ನು ಬೈಯಲೇ ಇಲ್ಲ, ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಆ ಕೆಲಸವನ್ನು ಅವ್ವ ವಹಿಸಿಕೊಂಡಳು. “ಅವರ ಮಾತ ಪೂರಾ ಕೇಳಿದ್ದರ ನಿನ್ನ ಡಿಗ್ರಿ ಏನ್ ಸವೀತಿತ್ತೇನ?” ಎಂದು ದಿನಕ್ಕೆರಡು ಬಾರಿ ಕೇಳಿದಳು.

ಶನಿವಾರ ಅಪ್ಪ ಕಾಗದವನ್ನು ಮನೆಯಲ್ಲೇ ಬಿಟ್ಟರು. ನನ್ನನ್ನು ಕರೆದುಕೊಂಡು ಹೋದರು, ಆದರೆ ಮಾತಾಡಕೂಡದೆಂಬ ಷರತ್ತಿನ ಮೇಲೆ. ಯಾರ್ಡಿನಲ್ಲಿ ಸಲಾಕೆ ಹಿಡಿದು ಹತ್ತು ಗಾಲಿಗಳನ್ನೂ ಬಾರಿಸಿದರು. ಗಾಲಿಯ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿದರು. ಅಡಿಗೆ ತೂರಿ ಬ್ರೇಕಿನ ಗಾಳಿಟ್ಯಾಂಕಿಯಲ್ಲಿ ಸೇರಿದ್ದ ನೀರನ್ನು ಬಸಿದರು. ತಾಡಪತ್ರಿಯ ಹಗ್ಗಗಳನ್ನು ಜಗ್ಗಿ ನೋಡಿದರು. ಎಂಜಿನ್ ಚಾಲೂ ಮಾಡಿ, ಗಾಳಿಯ ಒತ್ತಡ ತೋರಿಸುವ ಮುಳ್ಳು ಏರುವವರೆಗೆ ಕಾದು, ಗಾಲಿಗೆ ಅಡ್ಡ ಇಟ್ಟ ಮರದ ತುಂಡುಗಳನ್ನು ತೆಗೆಯದೆ ಮತ್ತೆ ಕೆಳಗಿಳಿದು, ಎಲ್ಲಿಯಾದರೂ ಗಾಳಿ ಸೋರುವ ಸದ್ದಿದೆಯೇ ಎಂದು ಪೈಪುಗಳಿಗೆ ಕಿವಿಗೊಟ್ಟರು. ಬಿಸಿಲೇರಿತು. ಶೆಟ್ಟರು ಎರಡು ಸಲ ಗಡಿಯಾರ ನೋಡಿದರು.

“ಸಾಕು ಮಾರಾಯ್ರೆ, ಹತ್ತಿ. ಊಟಕ್ಕೆ ಹೊತ್ತಾಯ್ತು.”

“ಯಾರ್ ಹೇಳಿದ್ರೂ ಬಿಡಬ್ಯಾಡ ಅಂತ ನೀವ ಹೇಳೀರಲ್ರಿ ಸಾಹೇಬ್ರ” ಎಂದು ಅಪ್ಪ ಲಾರಿಯ ಅಡಿಯಿಂದಲೇ ಉತ್ತರಿಸಿದರು.

ಶೆಟ್ಟರು ಹಸಿದುಕೊಂಡೇ ನಿಂತರು. ಅಪ್ಪ ಆಮೇಲೆ ಆ ಹತ್ತು ಗಾಲಿಗಳನ್ನು ಕಂಬಗಳ ನಡುವೆ ಹಿಂದಕ್ಕೆ ಒಯ್ದದ್ದನ್ನು, ಏರಿನಲ್ಲಿ ನಿಲ್ಲಿಸಿ ಅಂಗುಲವೂ ಹಿಂದೆ ಜಾರದಂತೆ ಮುಂದಕ್ಕೆ ಹತ್ತಿಸಿದ್ದನ್ನು ನಾನು ಬಾಯಿ ತೆರೆದು ನೋಡಿದೆ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಅಪ್ಪ ತೇರ್ಗಡೆಯಾದರು, ಲಾರಿ ಅವರ ಕೈಯಲ್ಲೇ ಉಳಿಯಿತು. ತಿಂಗಳಿಗೆ ಎರಡು ಶನಿವಾರ ಶೆಟ್ಟರು ಅವರನ್ನು ಮುಲುಂಡಿಗೆ ಕರೆಸಿ, ಹೊಸ ಚಾಲಕರಿಗೆ ಗಾಡಿ ತಪಾಸಣೆ ಕಲಿಸಲು ನಿಲ್ಲಿಸುತ್ತಾರೆ. ಕಾಗದಗಳು ಈಗಲೂ ನನ್ನ ಕೈಗೇ ಬರುತ್ತವೆ, ಆದರೆ ನಾನು ಓದಿ ಹೇಳಿದ ಮೇಲೆ ಅವ್ವ, “ನೀವೇನಂತೀರಿ?” ಎಂದು ಅಪ್ಪನನ್ನು ಕೇಳುತ್ತಾಳೆ. ನಾನು ಲರ್ನಿಂಗ್ ಲೈಸೆನ್ಸಿನ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಂದು ತಪ್ಪೂ ಇಲ್ಲದೆ ತೇರ್ಗಡೆಯಾಗಿ, ಭಾನುವಾರಗಳಂದು ಅಪ್ಪನ ಗೆಳೆಯರೊಬ್ಬರ ಹಳೆಯ ವ್ಯಾನಿನಲ್ಲಿ ಅಪ್ಪನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಕ್ಲಚ್ಚಿನ ವಿಷಯವಾಗಿ ನಾಲ್ಕು ಪುಟಗಳನ್ನು ತಪ್ಪಿಲ್ಲದೆ ಬರೆಯಬಲ್ಲೆ. ಐದು ಭಾನುವಾರಗಳಾದವು, ವ್ಯಾನು ಇನ್ನೂ ಚಾಳಿನ ಗೇಟು ದಾಟಿಲ್ಲ.