ಅತ್ತೆಮನೆ ಮಲ್ಲಿಗೆಗೆ ಬಣ್ಣದ ಬಕೆಟ್ಟು

ಸಸಿ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೂರಿನ ಈ ಕಡೆ ಹೊಗೆಸೊಪ್ಪು ಬೆಳೆಯುವವನು ನಾನು. ಕಣ್ಣಿಗೂ ಸರಿಯಾಗಿ ಕಾಣದ ಬೀಜವನ್ನು ಟ್ರೇಯ ಗುಳಿಗಳಿಗೆ ಹಾಕಿ, ಸಸಿಯೆಬ್ಬಿಸಿ ಹೊಲಕ್ಕೆ ಕಳುಹಿಸುತ್ತಲೇ ತಲೆ ನರೆಸಿಕೊಂಡಿದ್ದೇನೆ. ಹೀಗಾಗಿ ನನ್ನ ಹೆಂಡತಿ ಜಯಮ್ಮ ರಾವಂದೂರಿನ ತವರಿನಿಂದ ದುಂಡುಮಲ್ಲಿಗೆಯ ಒಂದು ಹಿಡಿ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಳಿದಾಗ, ಸದರಿ ಕಡ್ಡಿಗಳ ಸಂಪೂರ್ಣ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

“ಉಸಾರು ಕಣ್ರೀ,” ಎಂದಳು. “ಅಳೆ ಮನೆ ಕೆಡವಿ ತಾರಸಿ ಕಟ್ತಾವ್ರೆ. ಗಿಡಾನ ಬುಡಸಮೇತ ಕಿತ್ತಾಕವ್ರೆ. ನಮ್ಮವ್ವ ಮದ್ವೆಯಾಗಿ ಬಂದ ವರ್ಸ ನೆಟ್ಟಿದ್ದಂತೆ. ಉಳಿದಿರದು ಇಷ್ಟೇಯ.”

“ಬುಡು, ನಾನ್ ನೋಡ್ಕತೀನಿ,” ಎಂದೆ. ಈ ಮಾತು ಆಡಿದಾಗಲೆಲ್ಲ ಏನಾದರೊಂದು ಆಗುತ್ತದೆ. ಆದರೂ ಆಡುತ್ತೇನೆ.

ಹೊಲದ ನಾಟಿ ಮುಗಿದು ಟ್ರೇಗಳು ಕೊಟ್ಟಿಗೆಯಲ್ಲಿ ಖಾಲಿ ಬಿದ್ದಿದ್ದವು. ಹೊಗೆಸೊಪ್ಪಿಗೆ ಸಾಕಾದ ಗುಳಿ ಮಲ್ಲಿಗೆಗೆ ಸಾಲದೇ? ಗುಳಿಗೊಂದರಂತೆ ಚುಚ್ಚಿದೆ. ಗುಳಿ ಹೆಬ್ಬೆರಳಷ್ಟು, ಕಡ್ಡಿ ಗೇಣುದ್ದ. ಬೆಳಿಗ್ಗೆ ನೀರು ಕೊಟ್ಟರೆ ಊಟದ ಹೊತ್ತಿಗೆ ಒಣಗಿರುತ್ತಿತ್ತು. ಸ್ವಲ್ಪ ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಮಲಗುತ್ತಿದ್ದವು. ಎಬ್ಬಿಸಿ ನಿಲ್ಲಿಸಿ ನನಗೆ ಸಾಕಾಗಿಹೋಯಿತು. ನೋಡನೋಡುತ್ತ ಅರ್ಧ ಕಡ್ಡಿಗಳು ಒಣಗಿ ಸೌದೆಯಾದವು.

ಪಕ್ಕದ ಮನೆಯ ಮಾದೇಗೌಡ, ನನ್ನ ವಾರಿಗೆಯವನು, ಬೇಲಿಯಾಚೆಯಿಂದ ಇಣುಕಿದ. “ಏನ್ಲಾ ಇದು? ಬೇರು ಬುಡಕೆ ಜಾಗ ಬ್ಯಾಡ್ವಾ? ದೊಡ್ಡದ್ರಲ್ಲಿ ಆಕು.”

ಎಷ್ಟು ದೊಡ್ಡದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಬಕೆಟ್ಟುಗಳನ್ನು ಅಟ್ಟದಿಂದ ಇಳಿಸಿದೆ. ಮಂಕರಿಗಟ್ಟಲೆ ಗೊಬ್ಬರದ ಮಣ್ಣು ಸುರಿದು, ಬಕೆಟ್ಟಿಗೊಂದು ಕಡ್ಡಿ ನೆಟ್ಟೆ. ದೂರದಿಂದ ನೋಡಿದರೆ ಬರೀ ಬಕೆಟ್ಟುಗಳೇ ಕಾಣುತ್ತಿದ್ದವು.

“ತೂತು ಆಕಿದ್ರಾ?” ಎಂದಳು ಜಯಮ್ಮ.

“ಒಳ್ಳೇ ಬಕೆಟ್ಟು. ತೂತಾಕಿದ್ರೆ ಆಮೇಕೆ ನೀನೇ ಬಯ್ತೀಯ.”

“ಬಕೆಟ್ಟು ಯಾರ್ಗ್ ಬೇಕಿತ್ತು?” ಎನ್ನುತ್ತ ಒಳಗೆ ಹೋದಳು.

ಮಾರನೇ ದಿನವೇ ಸೋನೆ ಹಿಡಿಯಿತು, ಬಿಡಲೇ ಇಲ್ಲ. ನೀರು ಹೋಗಲು ದಾರಿಯಿಲ್ಲದೆ ಬಕೆಟ್ಟುಗಳೆಲ್ಲ ಕೆಸರಿನ ಗುಂಡಿಗಳಾದವು. ಕಡ್ಡಿಗಳ ಬುಡ ಕಪ್ಪಾಗಿ, ಮುಟ್ಟಿದರೆ ತೊಗಟೆ ಕೈಗೇ ಬರುತ್ತಿತ್ತು. ಸೂರಿನಡಿಗಾದರೂ ಇಡೋಣವೆಂದು ಒಂದನ್ನು ಎತ್ತಹೋದೆ. ಬಕೆಟ್ಟು ಏಳಲಿಲ್ಲ. ಸೊಂಟ ಹಿಡಿಯಿತು.

ಮಾದೇಗೌಡನೇ ಬಂದು ನನ್ನನ್ನು ನಡೆಸಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದ. “ಅಷ್ಟು ದೊಡ್ಡದ್ರಲ್ಲಿ ಆಕು ಅಂದಿದ್ನಾ ನಾನು?” ಎಂದು ನನ್ನನ್ನೇ ಕೇಳಿದ.

ಜಯಮ್ಮ ಕೆಸರಿನಲ್ಲಿ ಕೂತು ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಳು. ಒಂದರಲ್ಲಿ ಮಾತ್ರ ಹಸಿರಿತ್ತು. ಖಾಲಿಯಾದ ಅಡುಗೆ ಎಣ್ಣೆಯ ಕವರನ್ನು ತೊಳೆದು, ತಳಕ್ಕೆ ದಬ್ಬಳದಿಂದ ಚುಚ್ಚಿ, ಮಣ್ಣು ತುಂಬಿ ಅದನ್ನು ನೆಟ್ಟಳು. ಹಿತ್ತಲ ಬಾಗಿಲ ನೆರಳಿನಲ್ಲಿಟ್ಟು, “ಇದ್ನ ಮುಟ್ಬೇಡಿ,” ಎಂದಳು.

ಓಡಾಡುವಂತಾದ ಮೇಲೆ, ಬೇರು ಬಂತೇ ಎಂದು ಒಂದೇ ಒಂದು ಸಲ ಕಡ್ಡಿಯನ್ನು ತುಸು ಎಳೆದು ನೋಡಿದೆ. ಹಿಂದೆಯೇ ಅವಳು ನಿಂತಿದ್ದಳು. ಅಲ್ಲಿಂದ ಮುಂದೆ ನನಗೆ ಹಿತ್ತಲ ಪ್ರವೇಶವನ್ನು ನಿರ್ಬಂಧಿಸಲಾಯಿತು.

ಕಡ್ಡಿ ಚಿಗುರಿತು. ಸುದ್ದಿ ತಿಳಿದು ಅತ್ತೆ ಬಂದರು. ಕವರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಳೆಯ ಎಲೆಗಳನ್ನು ಸವರಿ, “ಅಳಿಯಂದ್ರು ಉಳಿಸ್ಕೊಟ್ರು,” ಎಂದು ಕಣ್ಣೊರೆಸಿಕೊಂಡರು. ನಾನು ವಿನಯದಿಂದ ತಲೆ ತಗ್ಗಿಸಿದೆ.

“ಅವ್ವ, ಇದ್ನ ನೀನೇ ತಕ್ಕೊಂಡೋಗು,” ಎಂದಳು ಜಯಮ್ಮ. “ಒಸ ಮನೆ ಮುಂದೆ ನೆಟ್ಕೊ.”

“ಯಾಕವ್ವಾ? ಆಸೆಪಟ್ಟು ತಂದಿದ್ದಲ್ವಾ ನೀನು?”

“ಆಸೆ ಅದೆ. ಇಲ್ಲಿದ್ರೆ ಇವ್ರು ಇದ್ನ ಇನ್ನೊಂದ್ ಬಕೆಟ್ಟಿಗೆ ಬದಲಾಯಿಸ್ತಾರೆ.”

ಅನ್ಯಾಯದ ಮಾತು ಎನ್ನಲು ಬಾಯಿ ತೆರೆದೆ. ಆದರೆ ನೀರು ಕಾಯಿಸುವ ಹಳೆಯ ಹಂಡೆಯೊಂದನ್ನು ನಾನು ಆಗಲೇ ಅದಕ್ಕೆಂದು ನೋಡಿಟ್ಟಿದ್ದೆ.

ಬಸ್ ಸ್ಟ್ಯಾಂಡಿನವರೆಗೂ ಗಿಡವನ್ನು ಜಯಮ್ಮನೇ ಎದೆಗಾನಿಸಿಕೊಂಡು ನಡೆದಳು. ನನ್ನ ಕೈಗೆ ಅತ್ತೆಯ ಚೀಲ ಕೊಟ್ಟಿದ್ದಳು. ಅದರಲ್ಲಿ ರಾಗಿಹಿಟ್ಟಿತ್ತು. ನನ್ನ ಕೈಯಲ್ಲಿ ಸಾಯುವಂಥದ್ದೇನೂ ಇರಲಿಲ್ಲ.