ಪ್ಯಾಕೆಟ್ಟುಗಳು ತೋರಿಸಿದ ಫ್ರಾನ್ಸ್

ಪ್ರವಾಸ ಹೋಗುವವರಲ್ಲಿ ಕೋಟೆ ನೋಡುವವರಿದ್ದಾರೆ, ಸಮುದ್ರ ನೋಡುವವರಿದ್ದಾರೆ, ಬೆಟ್ಟ ಹತ್ತಿ ಫೋಟೋ ತೆಗೆಸಿಕೊಂಡು ಇಳಿಯುವವರಿದ್ದಾರೆ. ನಾನು ಮನೆ ನೋಡುವವನು. ಮನೆಯೆಂದರೆ ಅರಮನೆಯಲ್ಲ, ನಮ್ಮವರ ಮನೆ. ಕಳೆದ ರಜೆಯಲ್ಲಿ ಫ್ರಾನ್ಸನ್ನು ಕಾರಿನಲ್ಲಿ ಸುತ್ತಿ ಬಂದೆ ಎಂದು ಹೇಳಿದರೆ ದೋಹಾದ ಗೆಳೆಯರು ಏನೇನು ನೋಡಿದಿರಿ ಎಂದು ಆಸೆಯಿಂದ ಕೇಳುತ್ತಾರೆ. ಲಿಯೋನಿನಲ್ಲಿ ಒಂದು ಬೂದು ಬಣ್ಣದ ಸೋಫಾ ನೋಡಿದೆ. ತುಲೂಸಿನಲ್ಲಿ ಇನ್ನೊಂದು ನೋಡಿದೆ, ಅದರಲ್ಲಿ ಕೂತರೆ ಏಳಲು ಇನ್ನೊಬ್ಬರು ಕೈಕೊಡಬೇಕು. ಎರಡು ಕಡೆಯೂ ಚಹಾ ಚೆನ್ನಾಗಿತ್ತು. ಫ್ರಾನ್ಸಿನ ಬಗ್ಗೆ ಅಧಿಕಾರದಿಂದ ಹೇಳಬಲ್ಲ ಸಂಗತಿಗಳು ನನ್ನ ಹತ್ತಿರ ಇಷ್ಟೇ ಇರುವುದು.

ಇದು ಶುರುವಾದದ್ದು ಪ್ಯಾಸ್ಕಲ್ ಎಂಬ ನನ್ನ ಫ್ರೆಂಚ್ ಸಹೋದ್ಯೋಗಿಯಿಂದ. ಲುಸೈಲ್‌ನ ಆಫೀಸಿನಲ್ಲಿ ಅವನದು ನನ್ನ ಪಕ್ಕದ ಮೇಜು. ಒಂದು ಶುಕ್ರವಾರ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ನೀರುದೋಸೆ ತಿನ್ನಲು ಬಂದವನು ತನ್ನ ಊರಿನ ವಾರಾಂತ್ಯಗಳ ಬಗ್ಗೆ ಹೇಳತೊಡಗಿದ. ಕೆಲಸ ಮುಗಿದ ಸಂಜೆ ಬೈಕಿನ ಹಿಂದೆ ಒಂದು ಡೇರೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದನಂತೆ. ಎಲ್ಲಿಗೆ ಎಂದು ಕೇಳಿದೆ. ರಸ್ತೆ ಹೋದ ಕಡೆಗೆ ಎಂದ. ಅಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದ. ನನಗೆ ಅವನ ಮೇಲೆ ನಿಜಕ್ಕೂ ಕನಿಕರ ಹುಟ್ಟಿತು. ಇಷ್ಟು ದೊಡ್ಡ ದೇಶದಲ್ಲಿ ಹೋಗಲು ಒಂದು ಮನೆ ಇಲ್ಲವಲ್ಲ ಎಂದುಕೊಂಡು ಇನ್ನೊಂದು ದೋಸೆ ಬಡಿಸಿದೆ. ಆದರೆ ಬಾಗಿಲ ಬಳಿ ಕಾವಲಿ ಸಟ್ಟುಗ ಹಿಡಿದು ನಿಂತಿದ್ದ ನನ್ನ ಹೆಂಡತಿ ಜಲಜ ಬೇರೆಯದೇ ಮುಖ ಮಾಡಿಕೊಂಡು ಕೇಳುತ್ತಿದ್ದಳು. ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತಾ, "ಒಂದು ದಿವಸ ನಾವೂ ಹಾಗೆ ಹೋಗುವನಾ? ಯಾರ ಮನೆಗೂ ಅಲ್ಲ. ಸುಮ್ಮನೆ" ಎಂದಳು.

ಜಲಜ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂರುತ್ತಾಳೆ. ಜ್ವರದವರಿಗೆ, ಹಲ್ಲುನೋವಿನವರಿಗೆ, ತಮ್ಮ ಸರದಿ ತಪ್ಪಿತೆಂದು ಸಿಟ್ಟಾದವರಿಗೆ, ಎಲ್ಲರಿಗೂ ಬೆಳಗಿನಿಂದ ಸಂಜೆವರೆಗೆ ನಗು ತೋರಿಸುವ ಕೆಲಸ. ಮನೆಗೆ ಬಂದರೆ ನಾನು ಕರೆದುಕೊಂಡು ಬಂದ ಅತಿಥಿಗಳಿಗೆ ಅದೇ ನಗು. ಮದುವೆಯಾದ ಹೊಸತರಲ್ಲಿ ನನ್ನ ಹತ್ತಿರ ಒಂದು ಬೈಕ್ ಇತ್ತು. ಅದರ ಮೇಲೆ ಇಬ್ಬರೂ ಕಾಪು, ಕಟಪಾಡಿ, ಮೂಲ್ಕಿ ಎಂದು ತಿರುಗಿದ್ದೇ ತಿರುಗಿದ್ದು. ಆ ದಿನಗಳು ಎಷ್ಟು ಚೆಂದ ಇದ್ದವು ಎಂದು ನಾನು ಆಗಾಗ ಹೇಳುವುದುಂಟು. ಅವತ್ತೂ ಹೇಳಿದೆ. ಅವಳು ತಿರುಗಿ ನೋಡದೆ, "ಎಂತ ಚೆಂದ ಮಾರಾಯ್ರೆ? ಹೊಸ ಮದುಮಕ್ಕಳು ಅಂತ ನೆಂಟರೆಲ್ಲ ಊಟಕ್ಕೆ ಕರೀತಿದ್ದರು. ಒಂದು ಮನೆಯ ಕೋಳಿ ಸುಕ್ಕ ಕರಗುವ ಮೊದಲು ಇನ್ನೊಂದು ಮನೆ. ನನಗೆ ನೆನಪಿರುವುದು ಮಡಿಲಲ್ಲಿ ಹಣ್ಣು ತುಂಬಿದ ತೊಟ್ಟೆ ಹಿಡ್ಕೊಂಡು ಕೂತದ್ದು ಮಾತ್ರ" ಎಂದಳು. ಫ್ರಾನ್ಸಿಗೇ ಹೋಗೋಣ, ಅದರಲ್ಲಿ ಒಂದು ಇಡೀ ದಿನ ನಿನಗೆ, ಯಾರ ಮನೆಗೂ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಮಾತು ಕೊಟ್ಟವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ವೀಸಾ ಬಂದ ದಿನ ಅಲ್ ಮನ್ಸೂರಾದ ಹೋಟೆಲಿನಲ್ಲಿ ಊರಿನ ಗೆಳೆಯರ ಜತೆ ಬನ್ಸ್ ತಿನ್ನುತ್ತಾ ಸುದ್ದಿಯನ್ನು ಮೇಜಿನ ಮೇಲೆ ಹಾಕಿದೆ. ಗಲ್ಫಿನಲ್ಲಿ ನಮ್ಮವರದೊಂದು ಪದ್ಧತಿಯಿದೆ. ಯಾರೇ ವಿಮಾನ ಹತ್ತಲಿ, ಅವರ ಜತೆ ನಾಲ್ಕು ಮನೆಯ ಪ್ಯಾಕೆಟ್ ಹತ್ತಬೇಕು. ಇಲ್ಲಿಂದ ಊರಿಗೆ ಖರ್ಜೂರ, ಹಾಲಿನ ಪುಡಿ. ಊರಿನಿಂದ ಇಲ್ಲಿಗೆ ಹಪ್ಪಳ, ಸಂಡಿಗೆ. ಬೇಡ ಎನ್ನುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಫ್ರಾನ್ಸಿನಲ್ಲಿ ನಮ್ಮವರು ಯಾರಿದ್ದಾರೆ ಎಂದು ನಾನು ಧೈರ್ಯದಿಂದಿದ್ದೆ. ಎಲ್ಲರೂ ಅಲ್ಲೇ ಇದ್ದರು. ಒಬ್ಬರ ಮಗ ಲಿಯೋನಿನಲ್ಲಿ, ಒಬ್ಬರ ನಾದಿನಿ ತುಲೂಸಿನಲ್ಲಿ. ಅಲ್ ಖೋರ್‌ನಲ್ಲಿರುವ ಶೇಖರಣ್ಣನ ತಂಗಿಯ ಮಗಳು ರಶ್ಮಿ ಮೊಂಪೆಲಿಯೆ ಎಂಬಲ್ಲಿ. ಶೇಖರಣ್ಣನೇ ಬಂದು, "ಸಣ್ಣ ಪ್ಯಾಕೆಟ್ ಮಾರಾಯ, ಕೈಚೀಲದಲ್ಲಿ ಹೋಗ್ತದೆ" ಎಂದು ಒಂದು ಮಗುವಿನಷ್ಟು ಭಾರದ ಕುಚ್ಚಲಕ್ಕಿ ಇಟ್ಟು ಹೋದರು. ಒಣ ಸಿಗಡಿಯನ್ನು ಮಾತ್ರ ಕಸ್ಟಮ್ಸಿನವರು ಹಿಡಿಯುತ್ತಾರೆಂದು ಜಲಜ ಕಡ್ಡಿ ಮುರಿದಂತೆ ಹೇಳಿ ವಾಪಸು ಕಳಿಸಿದಳು. ಉಳಿದದ್ದನ್ನು ತುಂಬುವಾಗ ಅವಳು ನನ್ನನ್ನು ಒಮ್ಮೆ ನೋಡಿದಳು. ನಾನು ಸೂಟ್‌ಕೇಸಿನ ಜಿಪ್ ನೋಡುತ್ತಿದ್ದೆ.

ಹೀಗೆ ಫ್ರಾನ್ಸಿನ ನಮ್ಮ ದಾರಿಯನ್ನು ಪ್ಯಾಕೆಟ್ಟುಗಳೇ ಗೊತ್ತುಮಾಡಿದವು. ಪ್ಯಾರಿಸಿನಲ್ಲಿ ಬಾಡಿಗೆ ಕಾರು ಹಿಡಿದು ಹೊರಟೆವು. ಬಲಕ್ಕೆ ಸೂರ್ಯಕಾಂತಿ ಹೊಲ ಬಂದರೆ ಜಲಜ ಗಾಜು ಇಳಿಸುತ್ತಿದ್ದಳು. "ಬರುವಾಗ ನೋಡುವ, ಅವರು ಚಹಾಕ್ಕೆ ಕಾಯ್ತಾ ಇದ್ದಾರೆ" ಎಂದು ನಾನು ವೇಗ ಹೆಚ್ಚಿಸುತ್ತಿದ್ದೆ. ನದಿ ಬಂತು, ಬರುವಾಗ ನೋಡುವ. ಬೆಟ್ಟದ ಮೇಲೆ ಹಳೆಯ ಕೋಟೆ ಬಂತು, ಅದೂ ಬರುವಾಗ. ನಾವು ಬಂದದ್ದು ಬೇರೆ ದಾರಿಯಲ್ಲಿ ಎಂಬುದು ಬೇರೆ ಮಾತು. ಹೆದ್ದಾರಿಯಲ್ಲಿ ಬೈಕಿನವರು ಹಿಂಡುಹಿಂಡಾಗಿ ಬರುತ್ತಿದ್ದರು. ದೋಹಾದಲ್ಲಿ ನನಗೆ ಬೈಕ್ ಎಂದರೆ ಬಿರಿಯಾನಿ ಬರುವ ವಾಹನ. ಇಲ್ಲಿ ಅಜ್ಜಂದಿರೂ ಚರ್ಮದ ಕೋಟು ತೊಟ್ಟು ಹಾರುತ್ತಿದ್ದರು. ಒಬ್ಬನಿಗೆ ಪಾಪ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಅವನು ಮುಂದೆ ಹೋಗಿ ನನ್ನ ಕಡೆಗೆ ಬಲಗಾಲು ಚಾಚಿ ತೋರಿಸಿದ. ಇನ್ನೊಬ್ಬನೂ ಅದನ್ನೇ ಮಾಡಿದ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಊರಿನವನು ನಾನು. ಮತ್ತೆ ಯಾರಿಗೂ ದಾರಿ ಬಿಡುವುದಿಲ್ಲವೆಂದು ಹಟ ಹಿಡಿದು ತುಲೂಸಿನವರೆಗೆ ನಡುಪಟ್ಟಿಯಲ್ಲೇ ಓಡಿಸಿದೆ. ಹ್ಯಾಂಡಲ್ ಬಿಡಲಾಗದವರು ಅಲ್ಲಿ ಕಾಲಿನಿಂದ ಥ್ಯಾಂಕ್ಸ್ ಹೇಳುತ್ತಾರೆಂದು ತುಲೂಸಿನ ನಾದಿನಿ ಚಹಾ ಕೊಡುತ್ತಾ ವಿವರಿಸಿದರು. ಜಲಜ ಆ ಪ್ರವಾಸದಲ್ಲಿ ಮನಬಿಚ್ಚಿ ನಕ್ಕದ್ದು ಆಗ ಒಮ್ಮೆ.

ಕೊನೆಗೆ ಅವಳ ದಿನ ಬಂತು. ಅದಕ್ಕೆಂದೇ ಗುಡ್ಡಗಳ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ ಕೋಣೆ ಹಿಡಿದಿದ್ದೆವು. ಮನೆಯ ಯಜಮಾನಿ ಕೊಲೆತ್ ಎಂಬಾಕೆ ಅರವತ್ತು ದಾಟಿದವರು, ಒಂಟಿ. ಅಂಗಳದಲ್ಲಿ ಅವರದೊಂದು ಕೆಂಪು ಬೈಕ್. ಭಾನುವಾರ ಬೆಳಿಗ್ಗೆ ಜಲಜ ಚೂಡಿದಾರದ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ತಯಾರಾದಳು. ಕಾರಿನಲ್ಲಾದರೂ ಸರಿ, ಗುರಿಯಿಲ್ಲದೆ ಹೋಗಬೇಕು. ಆಗಲೇ ಫೋನಿಗೆ ರಶ್ಮಿಯ ಸಂದೇಶ ಬಂತು. "ಅಂಕಲ್, ನೀವು ಸುತ್ತು ಬಳಸಿ ಬರೋದು ಬೇಡ, ನಾವೇ ಅಲ್ಲಿಗೆ ಬಂದು ಅಕ್ಕಿ ತಗೊಳ್ತೇವೆ. ದಾರಿಯಲ್ಲಿದ್ದೇವೆ." ಅಕ್ಕಿಯನ್ನು ಕೊಲೆತ್ ಅವರ ಮನೆಯಲ್ಲಿ ಇಟ್ಟು ಹೋಗಬಹುದಿತ್ತು. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಅಷ್ಟು ದೂರದಿಂದ ಬರುವವರ ಮುಖ ನೋಡದೆ ಹೋದರೆ ಶೇಖರಣ್ಣ ಏನೆಂದುಕೊಂಡಾರು ಎಂಬುದು ಅದಕ್ಕಿಂತ ಜೋರಾಗಿ ಹೊಳೆಯಿತು. "ಅವರು ಬಂದು ಹೋಗಲಿ, ಆಮೇಲೆ ಹೋಗುವ" ಎಂದೆ. ಜಲಜ ಕಾಫಿಯ ಲೋಟ ತೊಳೆದು ಬೋರಲು ಹಾಕಿದಳು. ಅಂಗಳದಲ್ಲಿ ಕೊಲೆತ್ ಬೈಕ್ ಒರೆಸುತ್ತಿದ್ದರು. ಇವಳು ಹೋಗಿ ಪಕ್ಕದಲ್ಲಿ ನಿಂತಳು. ಇಬ್ಬರ ನಡುವೆ ಯಾವ ಭಾಷೆ ನಡೆಯಿತೋ ತಿಳಿಯದು, ಆಕೆ ಒಳಗಿನಿಂದ ಇನ್ನೊಂದು ಹೆಲ್ಮೆಟ್ಟು, ಒಂದು ಜೊತೆ ಕೈಗವಸು ತಂದು ಕೊಟ್ಟರು. ನಾನು ಚಪ್ಪಲಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಬೈಕ್ ತಿರುವಿನಾಚೆ ಇತ್ತು.

ನನಗೆ ನೋವಾಯಿತು. ಅವಳಿಗೆ ಆದಷ್ಟಲ್ಲ ಎಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ. ರಶ್ಮಿ ಮತ್ತು ಅವಳ ಗಂಡ ಬಂದರು. "ಆಂಟಿ ಎಲ್ಲಿ?" ಎಂದು ಕೇಳಿದರು. ನನ್ನ ಹೆಂಡತಿ ನನ್ನನ್ನು ಬಿಟ್ಟು ಬೈಕಿನಲ್ಲಿ ಹೋದಳು ಎಂದು ಮೊದಲ ಭೇಟಿಯಲ್ಲೇ ಹೇಳುವುದು ಹೇಗೆ? ತಲೆನೋವು, ಒಳಗೆ ಮಲಗಿದ್ದಾಳೆ ಎಂದುಬಿಟ್ಟೆ. ಆ ಸಭ್ಯ ಮಕ್ಕಳು ಆಗಿನಿಂದ ಹೊರಡುವತನಕ ಪಿಸುದನಿಯಲ್ಲೇ ಮಾತಾಡಿದರು. ನಾನೂ ಪಿಸುದನಿಯಲ್ಲೇ ಊಟಕ್ಕೆ ಒತ್ತಾಯ ಮಾಡಿದೆ. ತಟ್ಟೆಗೆ ಚಮಚ ತಾಗದಂತೆ ಉಂಡೆವು. ಹೋಗುವಾಗ ರಶ್ಮಿ ಆಂಟಿಗೆಂದು ತನ್ನ ಬ್ಯಾಗಿನಿಂದ ಒಂದು ಬಾಮ್ ಡಬ್ಬಿ ತೆಗೆದುಕೊಟ್ಟು, ಮುಚ್ಚಿದ ಬಾಗಿಲ ಕಡೆಗೆ ನೋಡಿ, "ಪಾಪ" ಎಂದಳು.

ಸಂಜೆ ಜಲಜ ಬಂದಳು. ಕೂದಲು ತಲೆಗಂಟಿತ್ತು, ಕೆನ್ನೆ ಕೆಂಪಾಗಿತ್ತು. ಜಗಳಕ್ಕೆಂದು ನಾನು ಜೋಡಿಸಿಟ್ಟ ಮಾತುಗಳು ಅವಳ ಮುಖ ನೋಡಿ ಹೊರಗೆ ಬರಲಿಲ್ಲ. ಏನು ನೋಡಿದೆ ಎಂದು ಮೆಲ್ಲಗೆ ಕೇಳಿದೆ. "ರಸ್ತೆ" ಎಂದಳು. ಮಾತಿಗೆ ಕಷ್ಟವಾಗಲಿಲ್ಲವೇ ಎಂದೆ. "ಅವರಿಗೆ ನನ್ನದು ಬರೋದಿಲ್ಲ, ನನಗೆ ಅವರದು ಬರೋದಿಲ್ಲ. ಎಷ್ಟು ಆರಾಮ ಗೊತ್ತುಂಟಾ? ನಗಬೇಕಂತ ಸಹ ಇಲ್ಲ." ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಒಂದು ಕಡೆ ಗಾಡಿ ನಿಲ್ಲಿಸಿದ್ದರು. ಕೆಳಗೆ ಕಣಿವೆ. ನಾನು ಸುಮ್ಮನೆ ಅತ್ತೆ. ಬೇಜಾರಿಗಲ್ಲ. ಯಾರೂ ನೋಡುವವರಿರಲಿಲ್ಲ ನೋಡಿ, ಹಾಗೆ." ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳಿಗೆ ಅಳಲು ಒಂದು ಜಾಗ ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ಕಣಿವೆಯನ್ನು ನಾನು ತೋರಿಸಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ದೋಹಾಕ್ಕೆ ಮರಳಿ ಕೆಲವು ವಾರಗಳಾದ ಮೇಲೆ, ಒಂದು ಶುಕ್ರವಾರ ನಾನಾಗಿಯೇ ಕಾರಿನ ಕೀ ತೆಗೆದು, "ಯಲ್ಲಾ, ಹೋಗುವ" ಎಂದೆ. ಗುರಿಯಿಲ್ಲ, ಪ್ಯಾಕೆಟ್ಟಿಲ್ಲ, ಫೋನನ್ನು ಮನೆಯಲ್ಲೇ ಬಿಟ್ಟೆ. ಲುಸೈಲ್ ದಾಟಿ ಉತ್ತರಕ್ಕೆ ಹೊರಟೆವು. ಎರಡೂ ಕಡೆ ಬಯಲು, ಮೇಲೆ ಬಿಳಿ ಆಕಾಶ. ಜಲಜ ಕಾಲು ಮಡಚಿ ಸೀಟಿನ ಮೇಲಿಟ್ಟು ಹೊರಗೆ ನೋಡುತ್ತಿದ್ದಳು. ಕಲಿತುಬಿಟ್ಟೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯಲ್ಲಿ ಎಲ್ಲಿ ತಿರುಗಿದೆ, ಯಾಕೆ ತಿರುಗಿದೆ ಎಂದು ಗಮನವಿರಲಿಲ್ಲ. ಕಾರು ನಿಂತಾಗ ನೋಡಿದರೆ ಅಲ್ ಖೋರ್‌ನಲ್ಲಿ ಶೇಖರಣ್ಣನ ಮನೆಯ ಮುಂದಿದ್ದೆವು. ಅವರು ಆಗಲೇ ಬಾಗಿಲು ತೆರೆದು, "ಬನ್ನಿ ಬನ್ನಿ, ಊಟ ಮಾಡದೆ ಬಿಡುವುದಿಲ್ಲ" ಎಂದು ಕೈ ಬೀಸುತ್ತಿದ್ದರು.

ಜಲಜ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಕ್ಲಿನಿಕ್ಕಿಗೆ ಬಂದ ಹಳೆಯ ರೋಗಿಯನ್ನು ನೋಡುವ ಹಾಗೆ ನೋಡಿ, "ನೀವು ಇಳಿಯಿರಿ" ಎಂದಳು. ಇಳಿದೆ. ಅವಳು ಸ್ಟಿಯರಿಂಗಿನ ಹಿಂದೆ ಬಂದು ಕೂತು, ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಹೋದಳು. ಶೇಖರಣ್ಣ ಗಾಬರಿಯಿಂದ ಮೆಟ್ಟಿಲಿಳಿದು ಬಂದು, "ಜಲಜಕ್ಕ ಎಂತ ಹೋದದ್ದು? ಪುನಃ ತಲೆನೋವಾ?" ಎಂದು ಕೇಳಿದರು. ಒಂದು ಕ್ಷಣ ಹೌದೆನ್ನುವ ಆಸೆಯಾಯಿತು. "ಇಲ್ಲ ಶೇಖರಣ್ಣ, ನಾನೇ ಅವಳ ತಲೆನೋವು" ಎಂದೆ. ಅವರು ಅದನ್ನು ತಮಾಷೆಯೆಂದುಕೊಂಡು ಬೆನ್ನಿಗೊಂದು ಗುದ್ದಿ, ನನ್ನನ್ನು ಒಳಗೆ ಕರೆದೊಯ್ದು ಸೋಫಾದ ಮೇಲೆ ಕೂರಿಸಿದರು.