ದೂತಿಕಾ ನಿರ್ಗಮನ ಪ್ರಸಂಗ

ಕಣ್ಣಿಗೆ ಕಾಣದಷ್ಟು ಕಿರಿದಾದುದನ್ನೂ ಕಾಯುವ ತಾಯೇ, ನಾಲಿಗೆಯ ಮೇಲೆ ಬಂದು ಕೂಡು! ಜೀವಕೋಶದ ನಟ್ಟನಡುವೆ, ಸಹಸ್ರದ್ವಾರವಿರಾಜಿತವೂ ದ್ವಿಪ್ರಾಕಾರಪರಿವೇಷ್ಟಿತವೂ ಆದ ಕೋಶಕೇಂದ್ರವೆಂಬ ದುರ್ಗದಲ್ಲಿ, ಒಂದಾನೊಂದು ಯುಗದಲ್ಲಿ (ಅಲ್ಲಿಯ ಯುಗವೆಂದರೆ ನಮ್ಮ ಅರ್ಧ ತಾಸು, ಇರಲಿ) ನಡೆದ ಘೋರಸಂಗ್ರಾಮವನ್ನು ಹೇಳುತ್ತೇನೆ, ಆಲಿಸಿರಿ.

ವಂಶದ ಆಜ್ಞೆಯನ್ನು ನಕಲು ಮಾಡಿಕೊಂಡು ಆಗತಾನೇ ಹುಟ್ಟಿದ್ದಳು ದೂತಿಕೆ, ಆರ್‌ಎನ್‌ಎ ಕುಲದ ತೆಳ್ಳನೆಯ ಎಳೆ. ಆಜ್ಞೆಯನ್ನು ಅವಳು ಹೊರಗೆ ಮುಟ್ಟಿಸಬೇಕು. ಆದರೆ ಅವಳ ಮೈನಡುವೆ ಅರ್ಥವಿಲ್ಲದ ತುಂಡೊಂದು ಹುಟ್ಟಿನಿಂದಲೇ ಸೇರಿಕೊಂಡಿತ್ತು. ಅದನ್ನು ಸರಿಯಾದ ಗಡಿಯಲ್ಲಿ ಕತ್ತರಿಸಿ ಬೆಸೆಯದ ಹೊರತು ದ್ವಾರಪಾಲಕ ಬಿಡುವವನಲ್ಲ. ಹೊತ್ತು ಮೀರಿತೋ, ಸೂತ್ರಭಕ್ಷಕನೆಂಬ ರಕ್ಕಸ ಅವಳನ್ನು ಶಾವಿಗೆಯಂತೆ ಹೀರಿಬಿಡುವನು.

ಕತ್ತರಿಸುವ ಯಂತ್ರವೇನೋ ಸಿದ್ಧವಾಗಿತ್ತು. ಪಾಪ, ಅದಕ್ಕೆ ವಿವೇಕವಿಲ್ಲ. ತೆರೆದ ಗಡಿ ಸಿಕ್ಕಲ್ಲಿ ಕತ್ತರಿಸುವುದಷ್ಟೇ ಗೊತ್ತು. ಸರಿಯಾದ ಗಡಿಯ ಮೇಲೆ ಆಗಲೇ ಕೂತಿದ್ದನು ಆಚ್ಛಾದನವಿದ್ಯಾವಿಶಾರದ, ಪ್ರೋಟೀನುಕುಲತಿಲಕ ಮುಸುಕಮಲ್ಲ. ಅವನೆದುರು ಬಂದು ನಿಂತನು ಛೇದಸ್ಥಾನನಿರ್ದೇಶನಧುರಂಧರ, ಅದೇ ಕುಲದ ತೋರುಮಲ್ಲ.

"ಏಳಲೇ ಮುಸುಕ್ಯಾ! ಆ ಗಡಿ ತೋರ್ಸೋದು ನನ್ನ ಕೆಲಸ. ನೀ ಮುಚ್ಚಿಕೊಂಡು ಕುಂತ್ರ ಯಂತ್ರ ದೂರ ಹೋಗಿ ಕತ್ತರಸ್ತದ, ಹುಡುಗಿ ಹೊತ್ತ ಆಜ್ಞಾ ಅರ್ಧ ಹಾಳಾಕ್ಕೈತಿ."

"ಮದಲ ಟಾವೆಲ್ ಹಾಕಿದಾಂವ ನಾ, ಸೀಟು ನಂದು," ಎಂದು ಗರ್ಜಿಸಿದನು ಮುಸುಕಮಲ್ಲ. "ಆರ್‌ಎನ್‌ಎ ಕಂಡಲ್ಲೆಲ್ಲಾ ಅಪ್ಪಿ ಹಿಡಿದಾಂವ ನಾ. ನನ್ನ ಎಬ್ಬಸೋ ಗಂಡು ಈ ಕ್ವಾಟ್ಯಾಗ ಹುಟ್ಟಿಲ್ಲ!"

"ಹುಟ್ಟ್ಯಾನ, ನಿನ್ನ ಮುಂದ ನಿಂತಾನ. ಮುಸುಕು ತಗದು ನೋಡು!"

ದಶದಿಕ್ಕುಗಳು ನಡುಗಿದವು. ದಿಕ್ಕುಗಳ ಮಾತು ಹೇಗೋ, ದೂತಿಕೆಯಂತೂ ನಡುಗಿದಳು. "ಯಣ್ಣಾ, ನಿಮ್ಮ ಪೌರುಷ ಆಮ್ಯಾಲೆ ತೋರಸ್ರಿ. ಆ ರಕ್ಕಸ ಆಗಲೇ ನನ್ನ ಬಾಲ ಮೂಸಾಕ ಹತ್ಯಾನ!"

ಆಗ ತೋರುಮಲ್ಲನು ಬಿಲ್ಲು ಹಿಡಿಯಲಿಲ್ಲ, ಗದೆ ಎತ್ತಲಿಲ್ಲ; ತನ್ನ ಬಳಗವನ್ನು ಕೂಗಿದನು. ಅಣ್ಣ, ತಮ್ಮ, ಕಾಕಾ, ಸೋದರಮಾವ, ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಅಳಿಯ, ಎಲ್ಲರೂ ಬಂದು ಎಳೆಯ ಮೇಲೆ ಒತ್ತಿಕೊಂಡು ಕೂತರು. ಕೂತವರು ಒಕ್ಕೊರಲಿನಿಂದ ಆ ತ್ರಿಲೋಕಭಯಂಕರ ಮಹಾಸ್ತ್ರವನ್ನು ಪ್ರಯೋಗಿಸಿದರು:

"ಯಣ್ಣಾ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ರಿ."

ಇದಕ್ಕೆ ಪ್ರತ್ಯಸ್ತ್ರ ಎಲ್ಲಿಯದು? ಮುಸುಕಮಲ್ಲನು ತುಸು ಸರಿದನು. ಆ ಜಾಗದಲ್ಲಿ ಕಾಕಾ ಕೂತರು. ಮತ್ತೆ ಸರಿದನು, ಅಳಿಯ ಕೂತನು. ಸರಿಯುತ್ತ ಸರಿಯುತ್ತ ಆ ಆರ್‌ಎನ್‌ಎಪರಿರಂಭಣಪ್ರಚಂಡನು ಟಾವೆಲ್ ಸಮೇತ ಎಳೆಯಿಂದ ಕೆಳಗುರುಳಿದನು.

"ನಾ ಬಿದ್ದಿಲ್ಲಪಾ! ಇಳದೇನಿ!" ಎಂಬ ಅವನ ವೀರವಾಣಿ ಪಾತಾಳದಿಂದ ಕೇಳಿಬಂತು.

ಬಳಗವು ಗಡಿಯೊಂದನ್ನು ಬಿಟ್ಟು ಅತ್ತಿತ್ತ ಒತ್ತರಿಸಿತು, ತೋರುಮಲ್ಲನು ಅದನ್ನು ತೋರಿಸಿದ್ದೇ ತಡ, ಯಂತ್ರ ಕತ್ತರಿಸಿತು, ಬೆಸೆಯಿತು. ರಕ್ಕಸನಿಗೆ ದಕ್ಕಿದ್ದು ಅರ್ಥವಿಲ್ಲದ ತುಂಡು ಮಾತ್ರ. ದ್ವಾರಪಾಲಕನು ಬೆಸುಗೆಯನ್ನು ಸವರಿ ನೋಡಿ, "ಚಲೋ ಐತಿ. ಹೋಗಿ ಬಾರವಾ ತಂಗಿ," ಎಂದನು. ದೂತಿಕೆ ಜಯಘೋಷದ ನಡುವೆ ಹೊರನಡೆದು ತನ್ನ ಆಜ್ಞೆಯನ್ನು ಮುಟ್ಟಿಸಿದಳು. ಅದರಂತೆ ಕೆರಾಟಿನ್ ಎಂಬ ದೃಢಕಾಯ ಪ್ರೋಟೀನು ತಯಾರಾಯಿತು. ಅಂಥ ಅಸಂಖ್ಯ ದೂತಿಕೆಯರ ಸಾಹಸವೆಲ್ಲ ಕೂಡಿ, ಗುರುಬಸಪ್ಪನವರ ಎಡಗಿವಿಯಲ್ಲಿ ಕೂದಲೊಂದು ಹೊರಗಿಣುಕಿತು.

"ರೀ, ಕಿವ್ಯಾಗ ಮತ್ತ ಹೊಂಟೈತಿ, ತಲಿ ಇತ್ತಾಗ ಹೊಳ್ಳಸ್ರಿ," ಎಂದರು ಮಡದಿ ಶಿವಗಂಗಮ್ಮ, ಸಣ್ಣ ಕತ್ತರಿ ಹಿಡಿದು. "ನೆತ್ತಿ ಮ್ಯಾಲೆ ಒಂದೂ ಬರವಲ್ದು. ಇಲ್ಲಿ ನೋಡ್ರಿ, ಸುಗ್ಗಿ!"

"ನಾ ಏನ್ ಬೀಜಾ ಹಾಕಿ ಬೆಳಸೇನೇನ? ಕಿವಿ ಬಿಟ್ಟು ಕತ್ತರಸು."

ಶಿವಗಂಗಮ್ಮ ಕತ್ತರಿಸಿ, ಉಫ್ ಎಂದು ಊದಿದರು.